ಸದ್ದೇ ಶಕ್ತಿಯಲ್ಲ
ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಮಾರ್ಪಾಡು: ಒಂದು ವಿವೇಚನೆ

ಯಂತ್ರದ ಸದ್ದನ್ನು ಆಲಿಸಿ ಅದರ ಆರೋಗ್ಯವನ್ನು ಅರಿಯುವ ಕಲೆ ಹಳೆಯದು. ಹಿಟ್ಟಿನ ಗಿರಣಿಯ ಯಜಮಾನ, ಬಾವಿಯ ದಡದಲ್ಲಿ ಪಂಪು ನಡೆಸುವ ರೈತ, ದೂರದ ಊರುಗಳಿಗೆ ಲಾರಿ ಓಡಿಸುವ ಚಾಲಕ, ಇವರೆಲ್ಲರೂ ಇಂಜಿನ್ನಿನ ದನಿಯಲ್ಲಿ ಉಂಟಾದ ಅಲ್ಪ ವ್ಯತ್ಯಾಸವನ್ನೂ ಗುರುತಿಸಬಲ್ಲರು. ಈ ಅನುಭವದ ಬೆನ್ನಿಗೇ ಒಂದು ತಪ್ಪು ಊಹೆಯೂ ಬೆಳೆದು ಬಂದಿದೆ. ಸದ್ದು ಹೆಚ್ಚಾದರೆ ಶಕ್ತಿಯೂ ಹೆಚ್ಚಾಗಿರಲೇಬೇಕು ಎಂಬುದೇ ಆ ಊಹೆ. ಹೊಸ ಮೋಟಾರ್ ಸೈಕಲ್ಲನ್ನು ಕೊಂಡ ತರುಣರಲ್ಲಿ ಹಲವರು ಮೊದಲು ಕೈಹಾಕುವುದು ಅದರ ಸೈಲೆನ್ಸರಿಗೆ. ಪೊಲೀಸರು ಇಂತಹ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯ ಮೇಲೆ ಸಾಲಾಗಿ ಹಾಸಿ, ರೋಡ್ ರೋಲರ್ ಹಾಯಿಸಿದ ಚಿತ್ರಗಳು ರಾಜ್ಯದ ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗಿವೆ. ಆದರೂ ಈ ಅಭ್ಯಾಸ ನಿಂತಿಲ್ಲ. “ಬದಲಿಸಬಾರದು” ಎಂಬ ಆಜ್ಞೆ ತರುಣನಿಗೆ ತಲುಪಿದೆ. “ಏಕೆ ಬದಲಿಸಬಾರದು” ಎಂಬ ವಿವರಣೆ ತಲುಪಿಲ್ಲ. ಆ ವಿವರಣೆಯನ್ನು ಪ್ರೌಢಶಾಲೆಯ ಭೌತಶಾಸ್ತ್ರ ಹಾಗೂ ರಸಾಯನಶಾಸ್ತ್ರಗಳ ಪರಿಧಿಯೊಳಗೇ ನೀಡಲು ಸಾಧ್ಯವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೧. ಇಂಜಿನ್ನಿನ ಉಸಿರಾಟ

ಇಂದು ಮಾರಾಟವಾಗುವ ಪೆಟ್ರೋಲ್ ಮೋಟಾರ್ ಸೈಕಲ್ಲುಗಳ ಇಂಜಿನ್ನು ನಾಲ್ಕು ಹೊಡೆತಗಳ ಚಕ್ರದಲ್ಲಿ ನಡೆಯುತ್ತದೆ. ಪಿಸ್ಟನ್ನು ಕೆಳಗಿಳಿಯುವಾಗ ಗಾಳಿ ಮತ್ತು ಇಂಧನವನ್ನು ಒಳಗೆಳೆಯುತ್ತದೆ. ಮೇಲೇರುವಾಗ ಅದನ್ನು ಒತ್ತುತ್ತದೆ. ಕಿಡಿ ಹೊತ್ತಿದಾಗ ಉರಿದ ಅನಿಲ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಮತ್ತೆ ಮೇಲೇರುವಾಗ ದಗ್ಧಾನಿಲ, ಅಂದರೆ ಉರಿದುಳಿದ ಅನಿಲ, ಹೊರಹೋಗುತ್ತದೆ. ಈ ನಾಲ್ಕು ಹೊಡೆತಗಳಿಗೆ ಇಂಜಿನ್ನು ಎರಡು ಸುತ್ತು ತಿರುಗಬೇಕು. ಆದುದರಿಂದ ನಿಮಿಷಕ್ಕೆ ೪೦೦೦ ಸುತ್ತು ತಿರುಗುವ ಒಂಟಿ ಸಿಲಿಂಡರಿನ ಇಂಜಿನ್ನಿನಲ್ಲಿ ನಿಮಿಷಕ್ಕೆ ೨೦೦೦ ಬಾರಿ, ಎಂದರೆ ಸೆಕೆಂಡಿಗೆ ಸುಮಾರು ೩೩ ಬಾರಿ, ದಹನವಾಗುತ್ತದೆ.

ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಕ್ಲಾಸಿಕ್ ೩೫೦ ಬೈಕಿನ ಇಂಜಿನ್ನನ್ನು ತೆಗೆದುಕೊಳ್ಳಬಹುದು. ಅದರ ಗಾತ್ರ ೩೪೯ ಘನ ಸೆಂಟಿಮೀಟರ್. ಒಂದು ಲೀಟರ್ ಗಾಳಿಯ ತೂಕ ಸುಮಾರು ೧.೨ ಗ್ರಾಂ. ಸಿಲಿಂಡರ್ ಪೂರ್ತಿಯಾಗಿ ತುಂಬಿತೆಂದು ಭಾವಿಸಿದರೆ ಒಂದು ಸೆಳೆತಕ್ಕೆ ಒಳಬರುವ ಗಾಳಿ ೦.೪೨ ಗ್ರಾಂ. ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ಅದರ ೧೪.೭ ಪಟ್ಟು ತೂಕದ ಗಾಳಿ ಬೇಕು. ಆದುದರಿಂದ ಒಂದು ಸೆಳೆತಕ್ಕೆ ಬೇಕಾಗುವ ಪೆಟ್ರೋಲು ಸುಮಾರು ೨೮ ಮಿಲಿಗ್ರಾಂ ಮಾತ್ರ. ಇದು ಒಂದು ಅಕ್ಕಿಕಾಳಿನ ತೂಕದ ಆಸುಪಾಸು. ಸೆಕೆಂಡಿಗೆ ಮೂವತ್ತಮೂರು ಬಾರಿ ಈ ಪ್ರಮಾಣವನ್ನು ಏರುಪೇರಿಲ್ಲದೆ ಅಳೆದು ಕೊಡುವುದೇ ಇಂಧನ ವ್ಯವಸ್ಥೆಯ ಕರ್ತವ್ಯ. ಗಾಳಿಯ ಸಾಂದ್ರತೆ ಬದಲಾದರೆ ಈ ಲೆಕ್ಕವೂ ಬದಲಾಗಬೇಕು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿನದಕ್ಕಿಂತ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ತೆಳು. ಹಿಂದಿನ ಸಾಮಾನ್ಯ ಕಾರ್ಬುರೇಟರಿಗೆ ಇದನ್ನು ಅರಿಯುವ ಶಕ್ತಿ ಇರಲಿಲ್ಲ. ಇಂದಿನ ಇಂಧನ ಚುಚ್ಚುವಿಕೆಯ ವ್ಯವಸ್ಥೆ ಸಂವೇದಕಗಳ ಮೂಲಕ ಅರಿಯುತ್ತದೆ.

ಶಕ್ತಿ ಎಂಬ ಮಾತನ್ನೂ ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಇದೇ ಇಂಜಿನ್ನು ೪೦೦೦ ಸುತ್ತಿನಲ್ಲಿ ೨೭ ನ್ಯೂಟನ್ ಮೀಟರ್ ತಿರುಚುಬಲವನ್ನು, ೬೧೦೦ ಸುತ್ತಿನಲ್ಲಿ ೨೦.೨ ಅಶ್ವಶಕ್ತಿಯನ್ನು ನೀಡುತ್ತದೆಂದು ತಯಾರಕರು ಘೋಷಿಸಿದ್ದಾರೆ. ತಿರುಚುಬಲವನ್ನು ಸುತ್ತಿನ ವೇಗದಿಂದ ಗುಣಿಸಿದರೆ ಶಕ್ತಿ ದೊರೆಯುತ್ತದೆ. ೪೦೦೦ ಸುತ್ತಿನಲ್ಲಿ ಅದು ಸುಮಾರು ೧೫ ಅಶ್ವಶಕ್ತಿ. ೬೧೦೦ ಸುತ್ತಿನಲ್ಲಿ ತಿರುಚುಬಲ ೨೩ರಿಂದ ೨೪ಕ್ಕೆ ಇಳಿದಿದ್ದರೂ ವೇಗ ಹೆಚ್ಚಿರುವುದರಿಂದ ಶಕ್ತಿ ೨೦ಕ್ಕೆ ಏರುತ್ತದೆ. ಈ ಸಮೀಕರಣದಲ್ಲಿ ಸದ್ದಿಗೆ ಸ್ಥಾನವೇ ಇಲ್ಲವೆಂಬುದನ್ನು ಗಮನಿಸಬೇಕು.

೨. ಕೊಳವೆಯೊಳಗಿನ ಅಲೆ

ಹಾಗಾದರೆ ಹೊಗೆಕೊಳವೆಗೂ ಶಕ್ತಿಗೂ ಸಂಬಂಧವೇ ಇಲ್ಲವೆ? ಖಂಡಿತ ಉಂಟು. ನಿರ್ಗಮ ಕವಾಟ ತೆರೆದೊಡನೆ ಹೆಚ್ಚು ಒತ್ತಡದ ದಗ್ಧಾನಿಲ ಕೊಳವೆಗೆ ನುಗ್ಗಿ, ಒತ್ತಡದ ಅಲೆಯೊಂದು ಮುಂದೆ ಸಾಗುತ್ತದೆ. ಕೊಳವೆ ಥಟ್ಟನೆ ಅಗಲವಾಗುವ ಅಥವಾ ಬಯಲಿಗೆ ತೆರೆದುಕೊಳ್ಳುವ ಜಾಗದಲ್ಲಿ ಆ ಅಲೆ ಪ್ರತಿಫಲಿಸಿ, ಸೆಳೆತದ ಅಲೆಯಾಗಿ ಹಿಂದಿರುಗುತ್ತದೆ. ಕೊಳಲಿನಲ್ಲಿ ಗಾಳಿಯ ಕಂಬ ಸ್ವರ ಹೊರಡಿಸುವಾಗ ನಡೆಯುವುದೂ ಇದೇ ಕ್ರಿಯೆ. ಹಿಂದಿರುಗಿದ ಸೆಳೆತದ ಅಲೆ ಸರಿಯಾದ ಕ್ಷಣದಲ್ಲಿ ಕವಾಟವನ್ನು ಮುಟ್ಟಿದರೆ, ಉಳಿದ ದಗ್ಧಾನಿಲವನ್ನು ಹೊರಗೆಳೆದು ಹೊಸ ಗಾಳಿಯ ಪ್ರವೇಶಕ್ಕೆ ನೆರವಾಗುತ್ತದೆ. ತಪ್ಪು ಕ್ಷಣದಲ್ಲಿ ಮುಟ್ಟಿದರೆ ಆ ನೆರವು ದೊರೆಯದು.

ಈ ಕ್ಷಣದ ಲೆಕ್ಕ ಸುಲಭ. ಬಿಸಿಯಾದ ದಗ್ಧಾನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೫೦೦ ಮೀಟರ್ ಎಂದು ಹಿಡಿಯಬಹುದು. ಕೊಳವೆಯ ಉದ್ದ ೬೦ ಸೆಂಟಿಮೀಟರ್ ಇದ್ದರೆ ಅಲೆ ಹೋಗಿ ಬರುವ ದೂರ ೧.೨ ಮೀಟರ್, ತಗಲುವ ಕಾಲ ೨.೪ ಮಿಲಿಸೆಕೆಂಡ್. ಇಷ್ಟು ಕಾಲದಲ್ಲಿ ಇಂಜಿನ್ನಿನ ಅಚ್ಚು ೨೦೦೦ ಸುತ್ತಿನ ವೇಗದಲ್ಲಿ ೨೯ ಡಿಗ್ರಿ, ೪೦೦೦ದಲ್ಲಿ ೫೮ ಡಿಗ್ರಿ, ೬೦೦೦ದಲ್ಲಿ ೮೬ ಡಿಗ್ರಿ ತಿರುಗಿರುತ್ತದೆ. ಅಲೆ ಹಿಂದಿರುಗುವ ಕಾಲ ಒಂದೇ ಆದರೂ ಅದು ಕಾಣುವ ಪಿಸ್ಟನ್ನಿನ ಸ್ಥಾನ ಬೇರೆ ಬೇರೆ. ಆದುದರಿಂದ ಒಂದು ಉದ್ದದ ಕೊಳವೆ ಒಂದು ವೇಗಕ್ಕೆ ಹೊಂದುತ್ತದೆ. ಎಲ್ಲ ವೇಗಗಳಿಗೂ ಹೊಂದುವ ಕೊಳವೆ ಇಲ್ಲ. ಪಂದ್ಯದ ಬೈಕಿನ ಕೊಳವೆಯನ್ನು ಊರಿನ ರಸ್ತೆಯ ಬೈಕಿಗೆ ಜೋಡಿಸಿದಾಗ, ಸಂತೆಬೀದಿಯಲ್ಲಿ ಬೇಕಾದ ಕೆಳವೇಗದ ಎಳೆತ ಕಡಿಮೆಯಾಗಿ, ಸವಾರ ಅಪರೂಪಕ್ಕೆ ಮುಟ್ಟುವ ಮೇಲುವೇಗದಲ್ಲಿ ಅಲ್ಪ ಲಾಭ ಬರುವುದು ಈ ಕಾರಣದಿಂದಲೇ.

“ಇಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕು” ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಶಾಸ್ತ್ರದ ದೃಷ್ಟಿಯಿಂದ ಅದು ಪೂರ್ತಿ ಸರಿಯಲ್ಲ. ಹಿಂದೊತ್ತಡ ಯಾವ ಇಂಜಿನ್ನಿಗೂ ಹಿತವಲ್ಲ. ಕೊಳವೆಯನ್ನು ಅತಿಯಾಗಿ ಅಗಲಿಸಿದಾಗ ಅನಿಲದ ವೇಗ ತಗ್ಗಿ, ಸೆಳೆತದ ನೆರವು ಕುಂದುತ್ತದೆ. ಮೆಕ್ಯಾನಿಕ್ಕನ ಅನುಭವ ನಿಜ. ಅದಕ್ಕೆ ಆತ ಕೊಡುವ ಕಾರಣ ಮಾತ್ರ ಬೇರೆ.

೩. ಹಳೆಯ ದಿನಗಳ ಪಾಠ

ಹೊಗೆಕೊಳವೆಯಿಂದ ಶಕ್ತಿಯನ್ನು ಪಡೆಯುವ ವಿದ್ಯೆ ಪರಾಕಾಷ್ಠೆ ಮುಟ್ಟಿದ್ದು ಎರಡು ಹೊಡೆತಗಳ ಇಂಜಿನ್ನುಗಳಲ್ಲಿ. ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ಇಂಜಿನಿಯರ್ ವಾಲ್ಟರ್ ಕಾಡೆನ್ ೧೯೫೦ರ ದಶಕದಲ್ಲಿ ಹೊಟ್ಟೆ ಉಬ್ಬಿ ಮತ್ತೆ ಕಿರಿದಾಗುವ ಹೊಗೆಕೊಳವೆಯನ್ನು ಪರಿಷ್ಕರಿಸಿದರು. ಅಗಲವಾಗುವ ಭಾಗ ದಗ್ಧಾನಿಲವನ್ನು ಸೆಳೆದರೆ, ಕಿರಿದಾಗುವ ಭಾಗ ಒತ್ತಡದ ಅಲೆಯನ್ನು ಹಿಂದಟ್ಟಿ, ತಪ್ಪಿಸಿಕೊಂಡು ಹೊರಟ ಹೊಸ ಮಿಶ್ರಣವನ್ನು ಪುನಃ ಸಿಲಿಂಡರಿಗೆ ತಳ್ಳುತ್ತಿತ್ತು. ೧೯೬೧ರ ವೇಳೆಗೆ ಅವರ ೧೨೫ ಘನ ಸೆಂಟಿಮೀಟರಿನ ಇಂಜಿನ್ನು ೨೫ ಅಶ್ವಶಕ್ತಿಯನ್ನು ನೀಡಿತು. ಆ ವರ್ಷವೇ ಅವರ ಸವಾರ ಎರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ವೇಳೆ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಝುಕಿ ಸಂಸ್ಥೆಯನ್ನು ಸೇರಿದರು. ಮರುವರ್ಷ ಸುಝುಕಿಗೆ ೫೦ ಘನ ಸೆಂಟಿಮೀಟರ್ ವರ್ಗದ ವಿಶ್ವಪ್ರಶಸ್ತಿಯನ್ನು ಗಳಿಸಿಕೊಟ್ಟರು. ಒಂದು ಕೊಳವೆಯ ಆಕಾರದ ಜ್ಞಾನಕ್ಕೆ ಅಷ್ಟು ಬೆಲೆಯಿತ್ತು.

ಕರ್ನಾಟಕದ ಹಿರಿಯರಿಗೆ ಎರಡು ಹೊಡೆತಗಳ ದನಿ ಅಪರಿಚಿತವಲ್ಲ. ೧೯೬೧ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ೧೯೭೩ರಿಂದ ಯೆಜ್ಡಿ ಮೋಟಾರ್ ಸೈಕಲ್ಲುಗಳು ತಯಾರಾದವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಅವುಗಳ ಸೈಲೆನ್ಸರಿನ ಒಳಕೊಳವೆಯನ್ನು ಬಿಚ್ಚಿ ಎಣ್ಣೆಯ ಮಸಿಯನ್ನು ತೆಗೆಯುವ ಅನುಕೂಲವಿತ್ತು. ಮಸಿ ತೆಗೆದ ಮೇಲೆ ಒಳಕೊಳವೆಯನ್ನು ಮರಳಿ ಹಾಕದೆ ಓಡಿಸುವ ಉತ್ಸಾಹಿಗಳೂ ಇದ್ದರು. ಅಂದು ಆ ಕೊಳವೆಯಿಂದ ಕಾಣೆಯಾಗುತ್ತಿದ್ದುದು ಮೌನ ಮಾತ್ರ. ಹೊಗೆಯ ಶುದ್ಧೀಕರಣ ಅದರೊಳಗೆ ಇರಲಿಲ್ಲ. ಇಂದಿನ ಬೈಕಿನ ವಿಷಯ ಹಾಗಲ್ಲ. ಹಿಂದಿನ ತಲೆಮಾರಿನ ಹವ್ಯಾಸವನ್ನು ಇಂದಿನ ಯಂತ್ರಕ್ಕೆ ಅನ್ವಯಿಸುವಾಗ ಈ ಮುಖ್ಯ ವ್ಯತ್ಯಾಸ ಮರೆತುಹೋಗುತ್ತದೆ.

೪. ಹೊಗೆಯ ಲೆಕ್ಕ

ಇಂಧನ ಸರಿಯಾಗಿ ಉರಿಯದಿದ್ದರೆ ವಿಷವಾದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಉರಿಯದೆ ಉಳಿದ ಹೈಡ್ರೋಕಾರ್ಬನ್ನುಗಳೂ ಹೊರಬರುತ್ತವೆ. ದಹನದ ಅತಿಶಾಖದಲ್ಲಿ ಗಾಳಿಯ ನೈಟ್ರೋಜನ್ನೇ ಆಕ್ಸಿಜನ್ನಿನೊಡನೆ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಈ ಮೂರನ್ನೂ ನಿಯಂತ್ರಿಸಲು ಭಾರತದಲ್ಲಿ ಹಂತಹಂತವಾಗಿ ನಿಯಮಗಳು ಬಂದವು. ೨೦೦೦ದ ಫೆಬ್ರವರಿ ೧ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂದಿತು; ಸೀಸ ಕ್ರಿಯಾವರ್ಧಕವನ್ನು ಕೆಡಿಸುವುದರಿಂದ ಇದು ಅನಿವಾರ್ಯವಾದ ಮೊದಲ ಹೆಜ್ಜೆ. ೨೦೧೭ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ಮೂರರ ವಾಹನಗಳ ಮಾರಾಟವನ್ನು ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. ಐದನೆಯ ಹಂತವನ್ನು ಬಿಟ್ಟು ೨೦೨೦ರ ಏಪ್ರಿಲ್ ೧ರಂದು ನೇರವಾಗಿ ಆರನೆಯ ಹಂತ ಜಾರಿಯಾಯಿತು. ಇದರಂತೆ ದ್ವಿಚಕ್ರ ವಾಹನವೊಂದು ಪರೀಕ್ಷೆಯಲ್ಲಿ ಕಿಲೋಮೀಟರಿಗೆ ಒಂದು ಗ್ರಾಂಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನಾಗಲಿ, ೧೦೦ ಮಿಲಿಗ್ರಾಂಗಿಂತ ಹೆಚ್ಚು ಹೈಡ್ರೋಕಾರ್ಬನ್ನುಗಳನ್ನಾಗಲಿ, ೬೦ ಮಿಲಿಗ್ರಾಂಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡುಗಳನ್ನಾಗಲಿ ಉಗುಳುವಂತಿಲ್ಲ.

ಈ ಮಿತಿಯನ್ನು ಸಾಧಿಸುವ ಸಾಧನವೇ ಕೆಟಲಿಟಿಕ್ ಕನ್ವರ್ಟರ್. ಜೇನುಗೂಡಿನಂತೆ ಸಣ್ಣ ರಂಧ್ರಗಳುಳ್ಳ ತಿರುಳಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪವಿರುತ್ತದೆ. ಇವು ತಾವು ಸವೆಯದೆ, ಕಾರ್ಬನ್ ಮಾನಾಕ್ಸೈಡನ್ನು ಡೈಆಕ್ಸೈಡಾಗಿಯೂ, ಹೈಡ್ರೋಕಾರ್ಬನ್ನುಗಳನ್ನು ನೀರು ಮತ್ತು ಡೈಆಕ್ಸೈಡಾಗಿಯೂ, ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ನಾಗಿಯೂ ಪರಿವರ್ತಿಸುತ್ತವೆ. ಮೊದಲೆರಡು ಕ್ರಿಯೆಗಳಿಗೆ ಆಕ್ಸಿಜನ್ ಬೇಕು. ಮೂರನೆಯದರಲ್ಲಿ ಆಕ್ಸಿಜನ್ನನ್ನು ಕಳೆಯಬೇಕು. ಈ ವಿರುದ್ಧ ಕಾರ್ಯಗಳೆರಡೂ ಒಟ್ಟಿಗೆ ನಡೆಯುವುದು ಮಿಶ್ರಣ ೧೪.೭ರ ಅನುಪಾತದ ಆಸುಪಾಸಿನಲ್ಲಿದ್ದಾಗ ಮಾತ್ರ. ಈ ಕಿರಿದಾದ ಕಿಂಡಿಯೊಳಗೆ ಮಿಶ್ರಣವನ್ನು ಹಿಡಿದಿಡಲು ಹೊಗೆಕೊಳವೆಯಲ್ಲಿ ಆಕ್ಸಿಜನ್ ಸಂವೇದಕವಿರುತ್ತದೆ. ೧೯೭೦ರ ದಶಕದಲ್ಲಿ ವೋಲ್ವೋ ಕಾರಿನಲ್ಲಿ ಮೊದಲು ಬಳಕೆಗೆ ಬಂದ ಈ ಜೋಡಿ ಇಂದು ಬೈಕಿನ ಹೊಟ್ಟೆಯಡಿಯಲ್ಲಿ ಅಡಗಿದೆ. ಸಂವೇದಕ ಹೊಗೆಯಲ್ಲುಳಿದ ಆಕ್ಸಿಜನ್ನನ್ನು ಅಳೆದು ಇ.ಸಿ.ಯು. ಎಂಬ ಪುಟ್ಟ ಗಣಕಕ್ಕೆ ತಿಳಿಸುತ್ತದೆ. ಗಣಕ ಮುಂದಿನ ಸೆಳೆತಗಳ ಪೆಟ್ರೋಲನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಪೆಟ್ರೋಲಿಗೆ ಶೇಕಡಾ ೨೦ರಷ್ಟು ಎಥನಾಲ್ ಬೆರೆತಾಗ ಸರಿಯಾದ ಅನುಪಾತವೇ ಸುಮಾರು ೧೩.೫ಕ್ಕೆ ಇಳಿಯುತ್ತದೆ. ಅದನ್ನೂ ಈ ವ್ಯವಸ್ಥೆ ತನ್ನ ಮಿತಿಯೊಳಗೆ ಸರಿದೂಗಿಸಿಕೊಳ್ಳುತ್ತದೆ.

೫. ಮಾರ್ಪಾಡಿನ ಫಲ

ಈ ಹಿನ್ನೆಲೆಯಲ್ಲಿ ಸೈಲೆನ್ಸರ್ ಬದಲಾವಣೆಯ ಪರಿಣಾಮವನ್ನು ವಿಂಗಡಿಸಿ ನೋಡಬಹುದು. ಕೆಲವು ಬೈಕುಗಳಲ್ಲಿ ಕನ್ವರ್ಟರ್ ಇಂಜಿನ್ನಿಗೆ ಹತ್ತಿರದ ಬಾಗುಕೊಳವೆಯಲ್ಲಿರುತ್ತದೆ. ಅಲ್ಲಿ ತುದಿಯ ಸೈಲೆನ್ಸರನ್ನಷ್ಟೇ ಬದಲಿಸಿದರೆ ಹೊಗೆಗಿಂತ ಸದ್ದಿನ ಕೇಡು ಹೆಚ್ಚು. ಬೇರೆ ಬೈಕುಗಳಲ್ಲಿ ಕನ್ವರ್ಟರ್ ಸೈಲೆನ್ಸರಿನೊಳಗೇ ಇರುತ್ತದೆ. ಅಲ್ಲಿ ಸೈಲೆನ್ಸರ್ ಹೋದರೆ ಶುದ್ಧೀಕರಣವೂ ಹೋಯಿತು. ಕೊಳವೆಯನ್ನು ಇಡಿಯಾಗಿ ಬದಲಿಸುವವರು ಸಂವೇದಕಕ್ಕೂ ಜಾಗವಿಲ್ಲದಂತೆ ಮಾಡುತ್ತಾರೆ. ಆಗ ಗಣಕ ಕುರುಡಾಗುತ್ತದೆ. ಎಚ್ಚರಿಕೆಯ ದೀಪ ಹೊತ್ತುತ್ತದೆ. ಗಣಕ ತನ್ನ ನೆನಪಿನಲ್ಲಿರುವ ಸ್ಥೂಲ ಅಂದಾಜಿನ ಮೇಲೆ ಪೆಟ್ರೋಲು ಕೊಡುತ್ತದೆ.

ಕೊಳವೆ ಹಾಗೂ ಏರ್ ಫಿಲ್ಟರ್ ಎರಡನ್ನೂ ಬದಲಿಸಿದಾಗ ಗಾಳಿಯ ಹರಿವು ಕಾರ್ಖಾನೆಯ ಲೆಕ್ಕವನ್ನು ಮೀರಬಹುದು. ಪೆಟ್ರೋಲು ಅದಕ್ಕೆ ತಕ್ಕಂತೆ ಹೆಚ್ಚದಿದ್ದರೆ ಮಿಶ್ರಣ ತೆಳುವಾಗಿ, ಎಳೆತ ಮುಗ್ಗರಿಸಿ, ಇಂಜಿನ್ನು ಹೆಚ್ಚು ಕಾಯುತ್ತದೆ. ಇದನ್ನು ಸರಿಪಡಿಸಲೆಂದು ಸಂವೇದಕದ ಸಂಕೇತವನ್ನು ತಿರುಚುವ ಪೆಟ್ಟಿಗೆಗಳನ್ನು ಜೋಡಿಸುವವರಿದ್ದಾರೆ. ಗಣಕದ ಲೆಕ್ಕದ ಪಟ್ಟಿಯನ್ನೇ ಪುನಃ ಬರೆಯುವವರೂ ಇದ್ದಾರೆ. ಗರಿಷ್ಠ ಶಕ್ತಿ ದೊರೆಯುವುದು ೧೨.೫ರಿಂದ ೧೩ರ ಅನುಪಾತದ ದಟ್ಟ ಮಿಶ್ರಣದಲ್ಲಿ ಎಂಬುದು ನಿಜ. ಕಾರ್ಖಾನೆಯ ಗಣಕವೂ ಥ್ರಾಟಲ್ ಪೂರ್ತಿ ತಿರುಗಿಸಿದಾಗ ಆ ದಿಕ್ಕಿಗೇ ವಾಲುತ್ತದೆ. ಆದರೆ ಸದಾಕಾಲವೂ ದಟ್ಟ ಮಿಶ್ರಣವನ್ನು ಕೊಟ್ಟರೆ ಮೈಲೇಜು ಇಳಿಯುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಉರಿಯದ ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಕನ್ವರ್ಟರ್ ಉಳಿದಿದ್ದರೆ ಅದು ಅತಿಯಾಗಿ ಕಾದು ಕೆಡುತ್ತದೆ.

ಲಾಭದ ಪಕ್ಕವನ್ನೂ ನ್ಯಾಯವಾಗಿ ಹೇಳಬೇಕು. ಕಾರ್ಖಾನೆಯ ಭಾರವಾದ ಸೈಲೆನ್ಸರಿನ ಬದಲು ಹಗುರವಾದುದನ್ನು ಜೋಡಿಸಿದರೆ ತೂಕ ಇಳಿಯುವುದು ಸತ್ಯ. ಕುಶಲ ಟ್ಯೂನರನೊಬ್ಬ ಡೈನಮೋಮೀಟರಿನ ಮೇಲೆ ಬೈಕನ್ನು ನಡೆಸಿ, ಪ್ರತಿ ವೇಗದ ಮಿಶ್ರಣವನ್ನು ಅಳೆದು ತಿದ್ದಿದರೆ ಶಕ್ತಿ ಹೆಚ್ಚುವುದೂ ಸತ್ಯ. ಆದರೆ ಬೀದಿಬದಿಯಲ್ಲಿ ಅರ್ಧ ಗಂಟೆಯಲ್ಲಿ ಜೋಡಿಸಿದ ಕೊಳವೆಯಿಂದ ಬರುವ ಲಾಭ ಯಂತ್ರದ ಅಳತೆಗೂ ಕಷ್ಟದಿಂದ ಸಿಕ್ಕುವಷ್ಟು. ಕೆಲವೊಮ್ಮೆ ಅದು ನಷ್ಟವೇ. ಸದ್ದು ಮಾತ್ರ ಸವಾರನ ಕಿವಿಗೆ ವೇಗವಾಗಿ ಕೇಳಿಸುತ್ತದೆ.

೬. ಕಿವಿ ಮತ್ತು ಕಾನೂನು

ಶಬ್ದವನ್ನು ಅಳೆಯುವ ಡೆಸಿಬೆಲ್ ಗುಣಾಕಾರದ ಮಾನ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು. ಇಪ್ಪತ್ತು ಏರಿದರೆ ನೂರು ಪಟ್ಟು. ೧೭೫ ಘನ ಸೆಂಟಿಮೀಟರಿಗೆ ಮೀರಿದ ಮೋಟಾರ್ ಸೈಕಲ್ಲಿಗೆ ತಯಾರಿಕೆಯ ಹಂತದಲ್ಲಿ ವಿಧಿಸಿರುವ ಮಿತಿ ೮೦ ಡೆಸಿಬೆಲ್. ಒಳಗಿನ ತಡೆಗಳನ್ನು ಕಿತ್ತ ಸೈಲೆನ್ಸರ್ ಅದನ್ನು ೧೦೦ಕ್ಕೆ ಏರಿಸಿದರೆ, ಒಂದೇ ಬೈಕು ನೂರು ಬೈಕುಗಳ ತೀವ್ರತೆಯಿಂದ ಬೀದಿಯಲ್ಲಿ ಹಾದುಹೋದಂತಾಯಿತು. ೮೫ ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ದುಡಿಯಬಹುದೆಂದೂ, ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯಬೇಕೆಂದೂ ಕಿವಿಯ ರಕ್ಷಣೆಗಾಗಿ ಒಂದು ಸೂತ್ರವಿದೆ. ಆ ಲೆಕ್ಕದಲ್ಲಿ ೧೦೦ ಡೆಸಿಬೆಲ್ಲಿಗೆ ಉಳಿಯುವುದು ಹದಿನೈದು ನಿಮಿಷ. ಈ ಸದ್ದಿಗೆ ಎಲ್ಲರಿಗಿಂತ ಹೆಚ್ಚು ಕಾಲ ಒಡ್ಡಿಕೊಳ್ಳುವವನು ಸವಾರನೇ. “ಸದ್ದು ಜೋರಾದರೆ ಅಪಘಾತ ತಪ್ಪುತ್ತದೆ” ಎಂಬ ವಾದಕ್ಕೂ ಆಧಾರ ದುರ್ಬಲ. ಸೈಲೆನ್ಸರಿನ ಬಾಯಿ ಹಿಂದಕ್ಕೆ ತಿರುಗಿದೆ. ಅಪಾಯ ಬಹುಮಟ್ಟಿಗೆ ಮುಂದಿನಿಂದ ಬರುತ್ತದೆ.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಲು ೨೦೦೦ದ ಶಬ್ದಮಾಲಿನ್ಯ ನಿಯಮಗಳು ಅವಕಾಶ ನೀಡಿವೆ. ಅಲ್ಲಿ ಹಗಲಿನ ಮಿತಿ ೫೦ ಡೆಸಿಬೆಲ್, ಇರುಳಿನದು ೪೦. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ೨೦೧೯ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ ವಿಧಿಸಬಹುದು. ಶಬ್ದ ಹಾಗೂ ವಾಯುಮಾಲಿನ್ಯದ ಮಾನಗಳನ್ನು ಮೀರಿ ವಾಹನ ಓಡಿಸಿದವನಿಗೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಸೆರೆ, ಚಾಲನಾ ಪರವಾನಗಿಗೆ ಮೂರು ತಿಂಗಳ ಅನರ್ಹತೆಗಳನ್ನು ಅದೇ ಕಾಯಿದೆ ಹೇಳುತ್ತದೆ. ಹೊಗೆ ತಪಾಸಣೆಯ ಚೀಟಿ ಕೈಯಲ್ಲಿದೆಯೆಂದು ನೆಮ್ಮದಿಯಿಂದಿರುವಂತೆಯೂ ಇಲ್ಲ. ಆ ತಪಾಸಣೆ ನಿಂತ ಬೈಕಿನ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನುಗಳನ್ನಷ್ಟೇ ನೋಡುತ್ತದೆ. ಓಡುವ ಬೈಕಿನ ನೈಟ್ರೋಜನ್ ಆಕ್ಸೈಡುಗಳು ಅದರ ಕಣ್ಣಿಗೆ ಬೀಳುವುದಿಲ್ಲ.

೭. ಕುತೂಹಲಕ್ಕೆ ದಾರಿ

ಇಷ್ಟಾದರೂ ಸ್ಪ್ಯಾನರ್ ಹಿಡಿದ ತರುಣನ ಕೈಯನ್ನು ತಡೆಯುವುದೇ ಶಿಕ್ಷಣದ ಗುರಿಯಾಗಬಾರದು. ಯಂತ್ರವನ್ನು ಬಿಚ್ಚಿ ನೋಡಬೇಕೆಂಬ ಹಂಬಲ ಬೆಲೆಯುಳ್ಳದ್ದು. ಕಾಡೆನ್ನರಂತಹವರು ಬೆಳೆದದ್ದೂ ಅದರಿಂದಲೇ. ಆ ಹಂಬಲಕ್ಕೆ ಅಳತೆಯ ಶಿಸ್ತು ಸೇರಿದಾಗ ಅದು ವಿದ್ಯೆಯಾಗುತ್ತದೆ. ನೀರು ತುಂಬಿದ ಜಾಡಿ, ಒಂದು ಕೊಳವೆ, ಒಂದು ಶ್ರುತಿಕವೆ ಇದ್ದರೆ ಗಾಳಿಯ ಕಂಬದ ಅನುರಣನವನ್ನು ತರಗತಿಯಲ್ಲಿಯೇ ತೋರಿಸಬಹುದು. ಅದೇ ಸೂತ್ರದಿಂದ ಹೊಗೆಕೊಳವೆಯ ಲೆಕ್ಕ ಮಾಡಿಸಬಹುದು. ರಸಾಯನಶಾಸ್ತ್ರದ ಶಿಕ್ಷಕರು ಕ್ರಿಯಾವರ್ಧಕದ ಪಾಠಕ್ಕೆ ವಿದ್ಯಾರ್ಥಿಯ ಮನೆಯಂಗಳದಲ್ಲಿ ನಿಂತ ಬೈಕನ್ನೇ ಉದಾಹರಣೆಯಾಗಿ ಕೊಡಬಹುದು. ಕೈಗಾರಿಕಾ ತರಬೇತಿಯತ್ತ ಹೋಗುವ ವಿದ್ಯಾರ್ಥಿಗಳಿಗೆ ಬಳಸಿ ಬಿಟ್ಟ ಇಂಜಿನ್ನೊಂದು, ಶಬ್ದಮಾಪಕವೊಂದು ದೊರೆತರೆ, ಊಹೆಗೂ ಅಳತೆಗೂ ಇರುವ ಅಂತರವನ್ನು ಅವರೇ ಕಂಡುಕೊಳ್ಳುವರು. ದಾನಿಗಳ ಔದಾರ್ಯಕ್ಕೆ ಇದಕ್ಕಿಂತ ಸಾರ್ಥಕವಾದ ಸಣ್ಣ ಉಪಯೋಗಗಳು ವಿರಳ. ಮುಂದೆ ಪಂದ್ಯದ ಬೈಕುಗಳನ್ನೇ ಟ್ಯೂನ್ ಮಾಡಬಯಸುವವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೊದಲಾದ ಸ್ಪರ್ಧಾಪಥಗಳಿವೆ. ಸಾರ್ವಜನಿಕ ರಸ್ತೆ ಅದಕ್ಕೆ ತಕ್ಕ ಜಾಗವಲ್ಲ.

ಗಾಳಿ ಒಳಬರುವ ಫಿಲ್ಟರಿನಿಂದ ಹೊಗೆ ಹೊರಹೋಗುವ ತುದಿಯವರೆಗೆ ಇಂದಿನ ಇಂಜಿನ್ನು ಒಂದೇ ಲೆಕ್ಕದ ಪುಸ್ತಕ. ಒಂದು ಪುಟವನ್ನು ಹರಿದರೆ ಉಳಿದ ಪುಟಗಳ ಮೊತ್ತ ಕೂಡುವುದಿಲ್ಲ. ಆ ಲೆಕ್ಕವನ್ನು ಓದಬಲ್ಲ ವಿದ್ಯಾರ್ಥಿಗೆ ಸೈಲೆನ್ಸರಿನ ಬೆಲೆಯನ್ನು ದಂಡದ ರಸೀದಿ ತಿಳಿಸಬೇಕಾಗಿಲ್ಲ. ಓದಲಾರದವನಿಗೆ ರೋಡ್ ರೋಲರ್ ಎಷ್ಟು ಬಾರಿ ಹಾಯ್ದರೂ ಅದು ತಿಳಿಯುವುದಿಲ್ಲ.